ಹೊಸ ಫ್ರಿಜ್ ಕೈಕೊಟ್ಟರೆ ಮೊದಲು ಕೇಳಬೇಕಾದದ್ದು ಒಂದು ಚೀಟಿ

ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಅಂಥ ಒಂದು ಏಪ್ರಿಲ್‌ನಲ್ಲಿ ಕಲಬುರಗಿಯ ಅಂಗಡಿಯೊಂದರಿಂದ ಎರಡು ಬಾಗಿಲಿನ ಫ್ರಿಜ್ ತಂದೆವು. ಕುಂಕುಮ ಹಚ್ಚಿ, ಕಾಯಿ ಒಡೆದು ಚಾಲೂ ಮಾಡಿದ್ದಾಯಿತು. ಒಂಬತ್ತನೇ ದಿನ ಬೆಳಿಗ್ಗೆ ಚಹಾಕ್ಕೆ ಇಟ್ಟ ಹಾಲು ಒಡೆಯಿತು. ಮೇಲೆ ಫ್ರೀಜರ್‌ನಲ್ಲಿ ಐಸ್ ಗಟ್ಟಿಯಾಗಿಯೇ ಇತ್ತು. ಕೆಳಗಿನ ಖಾನೆಯಲ್ಲಿ ಕೈಯಿಟ್ಟರೆ ತಂಪೇ ಇಲ್ಲ. ಕೊತ್ತಂಬರಿ ಬಾಡಿತ್ತು, ಮೊಸರು ಹುಳಿಯಾಗಿತ್ತು.

ಕಂಪನಿಯ ಮೆಕ್ಯಾನಿಕ್ ಮೂರು ಸಲ ಬಂದ. ಮೂರು ಸಲವೂ ಒಂದು ತಾಸು ಬಂದ್ ಮಾಡಿ, ಮತ್ತೆ ಚಾಲೂ ಮಾಡಿ, "ಈಗ ಬರೋಬರಿ ಆಗ್ಯಾದ ನೋಡ್ರಿ ಅಕ್ಕಾ, ನಿಮ್ಮ ಮನ್ಯಾಗ ವೋಲ್ಟೇಜ್ ಸರಿ ಇಲ್ಲ" ಎಂದು ಹೇಳಿ ಹೋದ. ಕೊನೆಗೆ ಅಂಗಡಿಗೆ ಹೋಗಿ ಕೂತಾಗ ಮಾಲೀಕರು ಕೇಳಿದ್ದು ಒಂದೇ ಮಾತು. "ಮೂರು ಸಲ ಬಂದಿದ್ರು ಅಂತೀರಿ, ಚೀಟಿ ಎಲ್ಲಿ ಅದ ತೋರಸ್ರಿ." ನಮ್ಮ ಹತ್ತಿರ ಒಂದೂ ಇರಲಿಲ್ಲ.

ಆ ಹೊತ್ತಿನ ಸಂಕಟ ಇನ್ನೊಬ್ಬರಿಗೆ ಬರಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಗ್ರಾಹಕರ ಕಾನೂನು ಗಟ್ಟಿಯಾಗಿಯೇ ಇದೆ. ಆದರೆ ನಾವು ಎಲ್ಲವನ್ನೂ ಬಾಯಿಮಾತಿನಲ್ಲೇ ಮುಗಿಸಿಬಿಡುತ್ತೇವೆ, ಅಲ್ವಾ? ಅಲ್ಲಿಯೇ ಸೋಲುತ್ತೇವೆ.

ನಿಜಕ್ಕೂ ಕೆಟ್ಟಿದೆಯೇ?

ದೂರು ಕೊಡುವ ಮೊದಲು ಇಷ್ಟು ನೋಡಿಕೊಳ್ಳಿ. ಹೊಸ ಫ್ರಿಜ್‌ನ ಎರಡೂ ಬದಿ ಮುಟ್ಟಿದರೆ ಬಿಸಿ ಇರುತ್ತದೆ. ಒಳಗಿನ ಶಾಖ ಹೊರಗೆ ಹಾಕುವ ಪೈಪು ಅಲ್ಲೇ ಹಾದುಹೋಗುವುದರಿಂದ ಹಾಗಾಗುತ್ತದೆ, ಅದು ದೋಷ ಅಲ್ಲ. ಟಂಟಂನಲ್ಲಿ ಮಲಗಿಸಿ ತಂದಿದ್ದರೆ ಕೆಲವು ತಾಸು ನೆಟ್ಟಗೆ ನಿಲ್ಲಿಸಿ ಆಮೇಲೆ ಚಾಲೂ ಮಾಡಬೇಕು. ಪೂರ್ತಿ ತಂಪಾಗಲು ಒಂದು ದಿನ ಹಿಡಿದರೂ ಗಾಬರಿ ಬೇಡ. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷೀನ್ ಭೂಕಂಪದ ಹಾಗೆ ಕುಣಿಯುತ್ತಿದ್ದರೆ ಹಿಂದುಗಡೆ ನೋಡಿ. ಸಾಗಿಸುವಾಗ ಡ್ರಮ್ ಅಲುಗದಿರಲಿ ಅಂತ ಹಾಕಿದ ಬೋಲ್ಟ್‌ಗಳನ್ನು ತೆಗೆಯದೆಯೇ ಚಾಲೂ ಮಾಡಿರುತ್ತಾರೆ.

ಮುಟ್ಟಿದರೆ ಜುಮ್ ಅಂತ ಶಾಕ್ ಹೊಡೆದರೆ ಮಾತ್ರ ಕಾಯಬೇಡಿ. ತಕ್ಷಣ ಸ್ವಿಚ್ ಆರಿಸಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಅರ್ಥಿಂಗ್ ಸರಿ ಇದ್ದೂ ಶಾಕ್ ಬಂದರೆ ತಪ್ಪು ಯಂತ್ರದ್ದು.

ಬಿಲ್ ಪಕ್ಕಾ ಇರಲಿ

"ಬಿಲ್ ಬ್ಯಾಡ ಅಂದ್ರ ಹದಿನೆಂಟು ಪರ್ಸೆಂಟ್ ಉಳೀತದ ನೋಡ್ರಿ ಕಾಕಾ." ಈ ಮಾತಿಗೆ ಮರುಳಾಗಬೇಡಿ. ಕಚ್ಚಾ ಚೀಟಿಯಲ್ಲಿ ಅಂಗಡಿಯ ಜಿಎಸ್‌ಟಿ ನಂಬರ್ ಇರುವುದಿಲ್ಲ, ಯಂತ್ರದ ಸೀರಿಯಲ್ ನಂಬರ್ ಇರುವುದಿಲ್ಲ. ನಾಳೆ ಅದೇ ಅಂಗಡಿಯವರು "ಇದು ನಮ್ಮಲ್ಲಿಂದ ಒಯ್ದದ್ದೇ ಅಲ್ಲ" ಅಂದರೆ ಏನು ಮಾಡುತ್ತೀರಿ? ಬಿಲ್ ಕೊಡದೇ ಇರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಎಂದೇ ಕರೆಯುತ್ತದೆ.

ಆ ಸಣ್ಣ ಮಷೀನ್‌ನಿಂದ ಬರುವ ನುಣುಪು ಕಾಗದದ ಬಿಲ್ ನಮ್ಮ ಬಿಸಿಲಿಗೆ ಆರು ತಿಂಗಳಲ್ಲೇ ಬಿಳಿಯಾಗಿಬಿಡಬಹುದು. ತಂದ ದಿನವೇ ಝೆರಾಕ್ಸ್ ಮಾಡಿಸಿ, ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ವಾರಂಟಿ ಕಾರ್ಡಿಗೆ ಅಂಗಡಿಯ ಸಿಕ್ಕಾ, ತಾರೀಖು ಹಾಕಿಸಿ. ಯಂತ್ರದ ಹಿಂದೆ ಅಥವಾ ಒಳಗೆ ಅಂಟಿಸಿದ ಸೀರಿಯಲ್ ನಂಬರಿನ ಫೋಟೊವೂ ಇರಲಿ. ಬಿಲ್ ಕಳೆದೇಹೋಗಿದ್ದರೆ ಫೋನ್‌ಪೇ ದಾಖಲೆ, ಬ್ಯಾಂಕ್ ಪಾಸ್‌ಬುಕ್, ಕಂತಿನ ಕಾಗದ ಇವೂ ಸಾಕ್ಷಿಯೇ.

ಮದುವೆಯಲ್ಲಿ ಮಗಳಿಗೆ ಕೊಟ್ಟ ಸಾಮಾನಿನ ಬಗ್ಗೆ ತುಂಬಾ ಜನ ಕೇಳುತ್ತಾರೆ. ಬಿಲ್ ಬೀದರ್‌ನಲ್ಲಿ ಅಪ್ಪನ ಹೆಸರಿಗಿದೆ, ಮಷೀನ್ ಯಾದಗಿರಿಯಲ್ಲಿ ಮಗಳ ಮನೆಯಲ್ಲಿದೆ. ಚಿಂತೆ ಬೇಡ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾನೂನಿನ ಪ್ರಕಾರ ಗ್ರಾಹಕರೇ. ಹೊಟ್ಟೆಪಾಡಿಗೆ ತಾವೇ ನಡೆಸುವ ಸಣ್ಣ ಲಸ್ಸಿ ಅಂಗಡಿಗೆ ಫ್ರಿಜ್ ತಂದವರಿಗೂ ಈ ಹಕ್ಕು ಇದೆ.

ಮೆಕ್ಯಾನಿಕ್ ಮನೆಗೆ ಬಂದಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕೇಸು ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಈ ಅರ್ಧ ತಾಸಿನಲ್ಲೇ.

ಕಂಪನಿಯ ಗ್ರಾಹಕ ಸೇವಾ ನಂಬರಿಗೆ ಫೋನ್ ಮಾಡಿ ದೂರು ಸಂಖ್ಯೆ ಪಡೆಯಿರಿ. ಅಂಗಡಿಯ ಹುಡುಗನಿಗೆ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಓಣಿಯ ಪರಿಚಯದ ಮೆಕ್ಯಾನಿಕ್‌ನಿಂದ ಸುಮ್ನೆ ಬಿಚ್ಚಿಸಿ ನೋಡುವುದೂ ಬೇಡ. ಹೊರಗಿನವರು ಬಿಚ್ಚಿದ್ದಾರೆ ಅಂತ ವಾರಂಟಿಯನ್ನೇ ತಳ್ಳಿಹಾಕುತ್ತಾರೆ.

ಕಂಪನಿಯವರು ಬಂದು ನೋಡಿದ ಮೇಲೆ ಜಾಬ್ ಶೀಟ್, ಅಂದರೆ ಮಾಡಿದ ಕೆಲಸದ ಚೀಟಿ, ಕೇಳಿ. ಅದರಲ್ಲಿ ತಾರೀಖು, ದೂರು ಸಂಖ್ಯೆ, ಕಂಡುಬಂದ ದೋಷ, ಬದಲಿಸಿದ ಬಿಡಿಭಾಗ, ಬಂದವರ ಸಹಿ ಇರಬೇಕು. "ಚೆಕ್ ಮಾಡಲಾಗಿದೆ, ಸರಿ ಇದೆ" ಅಂತ ಬರೆದರೆ ಅದರ ಕೆಳಗೇ ನಿಮ್ಮ ಕೈಯಿಂದ "ದೋಷ ಹೋಗಿಲ್ಲ" ಅಂತ ಬರೆದು ಸಹಿ ಮಾಡಿ, ಫೋಟೊ ತೆಗೆದುಕೊಳ್ಳಿ.

ಈಗ ಎಷ್ಟೋ ಕಂಪನಿಗಳಲ್ಲಿ ಕಾಗದವೇ ಇಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಅಕ್ಕಾ, ಮೊಬೈಲ್‌ಗೆ ಓಟಿಪಿ ಬಂದದ, ಸ್ವಲ್ಪ ಹೇಳ್ರಿ" ಅನ್ನುತ್ತಾರೆ. ಆ ನಂಬರ್ ಹೇಳಿದ ಕೂಡಲೇ ಕಂಪನಿಯ ಲೆಕ್ಕದಲ್ಲಿ ನಿಮ್ಮ ದೂರು ಪರಿಹಾರವಾಗಿ ಮುಚ್ಚಿಹೋಗುತ್ತದೆ. ನಾನು ಮೂರು ಸಲ ಹೇಳಿದ್ದೆ. ಪಾಪ ಬಿಸಿಲಲ್ಲಿ ಬಂದ ಹುಡುಗ, ಅವನಿಗೆ ಯಾಕೆ ತೊಂದರೆ ಅನ್ನಿಸಿತ್ತು. ಯಂತ್ರ ಸರಿಯಾಗುವವರೆಗೆ ಓಟಿಪಿ ಕೊಡಬೇಡಿ. ಹುಡುಗನಿಗೆ ನೀರು ಕೊಡಿ, ಚಹಾ ಕೊಡಿ, ಓಟಿಪಿ ಮಾತ್ರ ಬೇಡ.

ವೋಲ್ಟೇಜ್ ಮಾತು ಬಂದರೆ, "ಮೀಟರ್ ಹಚ್ಚಿ ನೋಡ್ರಿ, ಎಷ್ಟು ಬರ್ತದ ಅದನ್ನೇ ಚೀಟಿಯಾಗ ಬರೀರಿ" ಅನ್ನಿ. ಮನೆಗೆ ಬರಬೇಕಾದದ್ದು 230 ವೋಲ್ಟ್. ಯಂತ್ರ ಎಷ್ಟರಿಂದ ಎಷ್ಟರವರೆಗೆ ತಡೆಯುತ್ತದೆ ಅಂತ ಅದರ ಕೈಪಿಡಿಯಲ್ಲೇ ಇರುತ್ತದೆ. ನಿಜಕ್ಕೂ ವೋಲ್ಟೇಜ್ ಕಮ್ಮಿ ಇದ್ದರೆ ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂಗೆ 1912 ನಂಬರಿನಲ್ಲಿ ದೂರು ಕೊಡಿ, ಆ ದೂರು ಸಂಖ್ಯೆಯನ್ನೂ ಬರೆದಿಡಿ. ನಮ್ಮ ಮನೆಯಲ್ಲಿ ನಾಲ್ಕನೇ ಸಲ ಹೀಗೆ ಕೇಳಿದೆ. ಮೀಟರ್ 226 ತೋರಿಸಿತು. ಆಮೇಲೆ ಆತ ಫ್ರೀಜರ್‌ನ ಹಿಂದಿನ ತಗಡು ಬಿಚ್ಚಿದ. ಒಳಗೆ ಇಟ್ಟಿಗೆಯಷ್ಟು ದಪ್ಪ ಐಸ್ ಕಟ್ಟಿ, ತಂಪು ಗಾಳಿ ಕೆಳಗಿಳಿಯುವ ದಾರಿಯೇ ಮುಚ್ಚಿಹೋಗಿತ್ತು. ಐಸ್ ಕರಗಿಸುವ ಹೀಟರ್ ಮೊದಲಿನಿಂದಲೇ ಕೆಲಸ ಮಾಡಿರಲಿಲ್ಲ. ಅದನ್ನು ಹಾಗೆಯೇ ಬರೆಸಿಕೊಂಡೆ.

ವಾರಂಟಿ ಓದುವಾಗ ಒಂದು ಎಚ್ಚರ. "10 ವರ್ಷ" ಅಂತ ದೊಡ್ಡ ಅಕ್ಷರದಲ್ಲಿ ಇರುವುದು ಬಹುತೇಕ ಕಂಪ್ರೆಸರ್‌ಗೆ ಮಾತ್ರ. ಇಡೀ ಯಂತ್ರಕ್ಕೆ ಸಾಮಾನ್ಯವಾಗಿ ಒಂದು ವರ್ಷ.

"ಕಂಪನಿಗೆ ಹೇಳ್ರಿ, ನಮ್ದೇನದ?"

ಅಂಗಡಿಯವರ ಈ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ದುಡ್ಡು ತೆಗೆದುಕೊಂಡು ಮಾರಿದವರು ಅವರು. ದೋಷವಿರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದೂ ಅನುಚಿತ ವ್ಯಾಪಾರವೇ. ಅದಕ್ಕೇ ಮೊದಲ ತಿಂಗಳಲ್ಲೇ ಬರವಣಿಗೆಯಲ್ಲಿ ಕೇಳುವುದು ಒಳ್ಳೆಯದು. "ಮಾರಿದ ಮಾಲು ವಾಪಸ್ ಇಲ್ಲ" ಎಂಬ ಬೋರ್ಡು ಈ ಹಕ್ಕನ್ನು ಕಸಿಯುವುದಿಲ್ಲ.

ಪತ್ರ ಒಂದು ಪುಟ ಸಾಕು. ಯಾವ ದಿನ, ಎಷ್ಟಕ್ಕೆ, ಯಾವ ಮಾಡೆಲ್ ಕೊಂಡಿರಿ. ಯಾವ ದಿನ ಏನು ಕೆಟ್ಟಿತು. ಯಾವ ತಾರೀಖಿಗೆ ಮೆಕ್ಯಾನಿಕ್ ಬಂದ. ನಿಮಗೆ ಬೇಕಾದದ್ದು ಹೊಸ ಯಂತ್ರವೋ ಹಣವೋ. ಹದಿನೈದು ದಿನದ ಗಡುವು ಕೊಡಿ. ಸಿಟ್ಟಿನ ಮಾತು ಬೇಡ, ತಾರೀಖುಗಳೇ ಸಾಕು. ಅಂಗಡಿಗೂ ಕಂಪನಿಗೂ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಕಂತಿನಲ್ಲಿ ಕೊಂಡಿದ್ದರೆ ಸಿಟ್ಟಿಗೆ ಕಂತು ನಿಲ್ಲಿಸಬೇಡಿ. ಸಾಲ ಕೊಟ್ಟವರು ಬೇರೆ, ದಂಡವೂ ಬೀಳುತ್ತದೆ, ಮುಂದೆ ಸಾಲ ಕೊಡುವವರು ನೋಡುವ ಸಿಬಿಲ್ ಅಂಕವೂ ಇಳಿಯುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ್ದರೆ ಆ ತಾಣದ ದೂರು ಅಧಿಕಾರಿ 48 ತಾಸಿನೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. 2020ರ ಇ-ಕಾಮರ್ಸ್ ನಿಯಮ ಹಾಗೆ ಹೇಳುತ್ತದೆ.

1915ಕ್ಕೆ ಒಂದು ಫೋನ್

ಗಡುವು ಮುಗಿದರೂ ಉತ್ತರ ಇಲ್ಲವೇ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಕೊಟ್ಟ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಇದು ಕೋರ್ಟ್ ಅಲ್ಲ, ಆದೇಶ ಹೊರಡಿಸಲು ಬರುವುದಿಲ್ಲ. ಆದರೆ ದೂರು ನೇರವಾಗಿ ಕಂಪನಿಯ ಮೇಲಿನವರ ಟೇಬಲ್‌ಗೆ ಹೋಗುತ್ತದೆ. ನಮ್ಮ ಫ್ರಿಜ್‌ಗೆ ಹೊಸ ಹೀಟರ್ ಹಾಕಿದ ಹನ್ನೆರಡೇ ದಿನಕ್ಕೆ ಮತ್ತೆ ಐಸ್ ಕಟ್ಟಿತು. 1915ಕ್ಕೆ ಮಾಡಿದ ಮೇಲೆ, ಅಷ್ಟು ದಿನ ಫೋನೇ ಎತ್ತದವರು ತಾವಾಗಿಯೇ ಫೋನ್ ಮಾಡಿದರು.

ಕೊನೆಗೆ ಜಿಲ್ಲಾ ಆಯೋಗ

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ ಇದೆ. ಹೆಸರು ಕೇಳಿ ಹೆದರಬೇಡಿ. ನೀವು ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ಮನೆಬಳಕೆಯ ಯಾವ ಸಾಮಾನು ಅದನ್ನು ದಾಟುತ್ತದೆ ಹೇಳಿ? ವಕೀಲರು ಇರಲೇಬೇಕು ಅಂತಿಲ್ಲ, ನಿಮ್ಮ ಕೇಸು ನೀವೇ ಹೇಳಬಹುದು. ಯಂತ್ರವನ್ನು ಹೈದರಾಬಾದ್‌ನಿಂದಲೋ ಸೋಲಾಪುರದಿಂದಲೋ ತಂದಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. 2019ರ ಕಾಯ್ದೆ ತಂದ ಈ ಬದಲಾವಣೆ ನಮ್ಮಂಥ ಗಡಿ ಜಿಲ್ಲೆಯವರಿಗೆ ದೊಡ್ಡ ಉಪಕಾರ. ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಲೂ ಬರುತ್ತದೆ.

ದೂರಿನಲ್ಲಿ ಅಂಗಡಿ, ಕಂಪನಿ ಇಬ್ಬರನ್ನೂ ಸೇರಿಸಿ. ಒಬ್ಬರನ್ನು ಬಿಟ್ಟರೆ ಇದ್ದವರು ಇಲ್ಲದವರ ಮೇಲೆ ಹಾಕುತ್ತಾರೆ. ಬಿಲ್, ವಾರಂಟಿ ಕಾರ್ಡ್, ಜಾಬ್ ಶೀಟ್‌ಗಳು, ಪತ್ರದ ನಕಲು, ಪೋಸ್ಟಿನ ರಸೀದಿ ಲಗತ್ತಿಸಿ, ಪ್ರಮಾಣಪತ್ರ (ಅಫಿಡವಿಟ್) ಜೋಡಿಸಿ. ಸಮಸ್ಯೆ ಶುರುವಾದಂದಿನಿಂದ ಎರಡು ವರ್ಷದೊಳಗೆ ಹಾಕಬೇಕು. ಎದುರಿನವರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. ಪರೀಕ್ಷೆ ಬೇಕಿಲ್ಲದ ಕೇಸು ಮೂರು ತಿಂಗಳಲ್ಲಿ, ಪ್ರಯೋಗಾಲಯಕ್ಕೆ ಕಳಿಸಬೇಕಾದದ್ದು ಐದು ತಿಂಗಳಲ್ಲಿ ಮುಗಿಸಲು ನೋಡಬೇಕು ಅಂತ ಕಾನೂನಿದೆ. ನಿಜ ಹೇಳಬೇಕೆಂದರೆ ಜಾಸ್ತಿ ಹಿಡಿಯುವುದೂ ಉಂಟು. ಆದರೂ ಒಂದೇ ದೋಷಕ್ಕೆ ನಾಲ್ಕು ರಿಪೇರಿ ಚೀಟಿ ಕೈಯಲ್ಲಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ದೋಷ ಸಾಬೀತಾದರೆ ಆಯೋಗ ರಿಪೇರಿ, ಹೊಸ ಯಂತ್ರ ಅಥವಾ ಹಣ ವಾಪಸ್ ಕೊಡಿಸಬಹುದು. ಪಟ್ಟ ತೊಂದರೆಗೆ ಪರಿಹಾರ, ಕೇಸಿನ ಖರ್ಚೂ ಕೊಡಿಸಬಹುದು. ಎದುರಿನವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಹೋಗಬಹುದು, ಆದರೆ ಕೊಡಬೇಕಾದ ಹಣದ ಅರ್ಧ ಮೊದಲು ಕಟ್ಟಬೇಕು. ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ನಮಗೆ ಆಯೋಗದವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಜೂನ್ ಮೊದಲ ವಾರ, ಮಳೆ ಶುರುವಾದ ಮೇಲೆ, ಬೇರೆ ಫ್ರಿಜ್ ಬಂತು. ಹಾಗೆ ಬದಲಿ ಯಂತ್ರ ಬಂದ ದಿನ ಒಂದು ಕೆಲಸ ಮರೆಯಬೇಡಿ. ಹಳೇ ಬಿಲ್‌ನಲ್ಲಿ ಇರುವುದು ವಾಪಸ್ ಹೋದ ಯಂತ್ರದ ಸೀರಿಯಲ್ ನಂಬರ್. ಟಂಟಂ ಹೋಗುವ ಮೊದಲೇ ಹೊಸ ನಂಬರನ್ನೂ ತಾರೀಖನ್ನೂ ಬಿಲ್ ಮೇಲೆ, ವಾರಂಟಿ ಕಾರ್ಡ್ ಮೇಲೆ ಬರೆಸಿ, ಅಂಗಡಿಯ ಸಿಕ್ಕಾ ಹಾಕಿಸಿಕೊಳ್ಳಿ.