ದೇವಕಣಗಿಲೆ ಕಸಿ: ಎಲೆ ಮೊದಲು, ಕಡ್ಡಿ ಆಮೇಲೆ

ದೇವಕಣಗಿಲೆಗೆ (ಕೆಲವರು ಗೋಸಂಪಿಗೆ ಅಂತಾರೆ) ಕಸಿ ಕಟ್ಟುವವರು, ಕಡ್ಡಿ ಕತ್ತರಿಸುವ ಎಂಟು ಹತ್ತು ದಿನ ಮೊದಲೇ ಮರದಲ್ಲೇ ಅದರ ಎಲೆ ತೆಗೆದುಬಿಡಿ. ಕೈಯಲ್ಲಿ ಕಿತ್ತು ಹಾಕಬೇಡಿ. ಅರ್ಧ ಇಂಚು ತೊಟ್ಟು ಬಿಟ್ಟು ಕತ್ತರಿಸಿ. ಆ ತೊಟ್ಟುಗಳು ತಾವಾಗೇ ಒಣಗಿ ಉದುರುತ್ತವೆ, ಉದುರಿದ ಜಾಗ ಆಗಲೇ ಮಾಗಿರುತ್ತದೆ. ಅವತ್ತೇ ಕಿತ್ತರೆ ಒಂದೊಂದು ಗಾಯದಿಂದಲೂ ಹಾಲು ಸೋರಿ, ಕಸಿಗೆ ಹೊದಿಸುವ ಪ್ಲಾಸ್ಟಿಕ್ ಕವರಿನ ಒಳಗಿನ ತೇವಕ್ಕೆ ಅಲ್ಲಿಂದಲೇ ಕೊಳೆ ಶುರುವಾಗುತ್ತದೆ. ಕಡ್ಡಿ ನಾಲ್ಕರಿಂದ ಆರು ಇಂಚು ಸಾಕು, ಬೇರಿನ ಗಿಡದಷ್ಟೇ (ಕಡ್ಡಿ ಕೂಡಿಸುವ ಬುಡದ ಗಿಡ) ದಪ್ಪ ಇರಲಿ. ಕತ್ತರಿಸಿದ ಮೇಲೆ ಹಾಲು ನಿಲ್ಲುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿದ ಹರಿತವಾದ ಬ್ಲೇಡಿನಿಂದ ಬೆಣೆಯಾಕಾರಕ್ಕೆ ಕೆತ್ತಿ, ತಡ ಮಾಡದೆ ಬೇರಿನ ಗಿಡಕ್ಕೆ ಕೂಡಿಸಿ, ಬಿಗಿಯಾಗಿ ಟೇಪ್ ಸುತ್ತಿ. ಎರಡೂ ಕಡೆ ಸಿಪ್ಪೆಯ ಅಡಿಯ ಹಸಿರು ಪದರ ಒಂದಕ್ಕೊಂದು ತಾಗಲೇಬೇಕು, ಕಸಿ ಕೂಡುವುದೇ ಅಲ್ಲಿ. ಹಾಲು ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ, ತುಂಬಾ ಉರಿಯುತ್ತದೆ.

ತುದಿ ಇನ್ನೂ ಎಳೆ ಹಸಿರಾಗಿ ಮೆತ್ತಗಿದ್ದರೆ ಇದು ನಡೆಯುವುದಿಲ್ಲ, ಬೂದು ಬಣ್ಣಕ್ಕೆ ತಿರುಗಿದ ಕೊಂಬೆಯೇ ಬೇಕು. ಎಲೆ ತೆಗೆದು ಮೂರ್ನಾಲ್ಕು ವಾರ ಬಿಟ್ಟರೂ ಕಷ್ಟ, ಅಷ್ಟರಲ್ಲಿ ಹೊಸ ಚಿಗುರು ಬಂದಿರುತ್ತದೆ. ನಮ್ಮ ಕೊಡಗಿನ ಜೂನ್, ಜುಲೈ ಮಳೆಯಲ್ಲಂತೂ ಸುಮ್ನೆ ಪ್ರಯತ್ನಿಸಬೇಡಿ, ಒಳ್ಳೆ ಕಡ್ಡಿ ಹಾಳಾಗುತ್ತದೆ. ಕಾಫಿ ಹೂವಿನ ಮಳೆ ಬರುವ ಮಾರ್ಚ್, ಏಪ್ರಿಲ್‌ನಲ್ಲಿ ಮಾಡಿ, ಮಳೆ ಬಿದ್ದ ದಿನ ಮಾತ್ರ ಬಿಟ್ಟು.