ಸ್ಕಾಟ್ಲೆಂಡಿನಲ್ಲಿ ಕಾರು ಓಡಿಸುವ ಮುಂಚೆ

ಎಡಿನ್‌ಬರೋದಲ್ಲಿರುವ ಮಗಳನ್ನು ನೋಡಲು ಹೋದಾಗ ಬಾಡಿಗೆ ಕಾರಿನಲ್ಲಿ ಹೈಲ್ಯಾಂಡ್ಸ್ ಸುತ್ತಿ ಬಂದೆ. ಪಾಸ್‌ಪೋರ್ಟ್, ವಿಸಿಟರ್ ವೀಸಾ ಬೇಕೇ ಬೇಕು. ಪ್ರವಾಸಕ್ಕೆ ಹೋದವರು ನಮ್ಮ ಡಿಎಲ್‌ನಲ್ಲೇ 12 ತಿಂಗಳವರೆಗೆ ಅಲ್ಲಿ ಕಾರು ಓಡಿಸಬಹುದು. ಆದರೂ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡಿದ್ದೆ. ಕೆಲವು ಬಾಡಿಗೆ ಕಂಪನಿಯವರು ಕೇಳುತ್ತಾರೆ. ಡೆಪಾಸಿಟ್‌ಗೆ ಯಜಮಾನರ ಕ್ರೆಡಿಟ್ ಕಾರ್ಡ್ ಕೊಟ್ಟರೆ ಕೌಂಟರಿನವನು ಒಪ್ಪಲಿಲ್ಲ. ಓಡಿಸುವವರ ಹೆಸರಿನದೇ ಬೇಕಂತೆ!

ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ಬಚಾವ್. ಆದರೆ ಬೆಂಗಳೂರಿನ 'ಫ್ರೀ ಲೆಫ್ಟ್' ಮರೆತುಬಿಡಿ. ಕೆಂಪು ದೀಪ ಇದ್ದರೆ ಎಡಕ್ಕೂ ತಿರುಗುವ ಹಾಗಿಲ್ಲ. ರೌಂಡಬೌಟಿನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಬೋರ್ಡಿನಲ್ಲಿರುವುದು ಮೈಲಿ, ಕಿಲೋಮೀಟರ್ ಅಲ್ಲ. 30 ಅಂದರೆ ಸುಮಾರು 48 ಕಿ.ಮೀ.

ನನ್ನ ಎದೆ ಡವಡವ ಅಂದದ್ದು ಒಂದೇ ಗಾಡಿ ಹಿಡಿಸುವ ಹಳ್ಳಿ ರಸ್ತೆಗಳಲ್ಲಿ. ಅಲ್ಲಲ್ಲಿ 'ಪಾಸಿಂಗ್ ಪ್ಲೇಸ್' ಎಂಬ ಅಗಲ ಜಾಗ ಇರುತ್ತದೆ. ಎದುರಿನಿಂದ ಗಾಡಿ ಬಂದಾಗ ಅದು ಎಡಕ್ಕಿದ್ದರೆ ಒಳಗೆ ಸರಿದು ನಿಲ್ಲಿ. ಬಲಕ್ಕಿದ್ದರೆ ಅದರ ಎದುರಿಗೆ ನಿಮ್ಮ ಬದಿಯಲ್ಲೇ ಕಾಯಿರಿ, ಬರುವವರು ಅದರೊಳಗೆ ಹೋಗುತ್ತಾರೆ. ಹಿಂದಿನವರಿಗೆ ಅವಸರವಿದ್ದರೂ ಹೀಗೇ ಬಿಟ್ಟುಕೊಡಿ. ಫೋಟೋ ತೆಗೆಯೋಣ ಅಂತ ಸುಮ್ನೆ ಅಲ್ಲಿ ಕಾರು ನಿಲ್ಲಿಸಬೇಡಿ. ದಾರಿ ಬಿಟ್ಟವರಿಗೆ ಕೈ ಎತ್ತಿ ಥ್ಯಾಂಕ್ಸ್ ಹೇಳುವುದು ವಾಡಿಕೆ. ಎರಡನೇ ದಿನಕ್ಕೆ ನನಗೂ ಅಭ್ಯಾಸವಾಯಿತು. ಕುರಿಗಳು ಮಾತ್ರ ಯಾರಿಗೂ ದಾರಿ ಬಿಡುವುದಿಲ್ಲ, ಹಾರ್ನ್ ಹೊಡೆಯದೆ ಕಾಯಿರಿ.