ಜಂಪ್ ಶಾಟ್ ಸರಿಯಾಗಿ ಹೊಡೆಯೋದು ಹೇಗೆ? ರಿಂಗ್ ಹತ್ರದಿಂದ್ಲೇ ಶುರು ಮಾಡಿ

ಜಂಪ್ ಶಾಟ್ ಅಂದ್ರೆ ಮೇಲಕ್ಕೆ ಹಾರಿ, ಗಾಳಿಯಲ್ಲಿರುವಾಗ್ಲೇ ಬಾಲ್‌ನ ರಿಂಗ್‌ಗೆ ಹಾಕೋದು. ಬ್ಯಾಸ್ಕೆಟ್‌ಬಾಲ್ ಕೈಗೆ ಸಿಕ್ಕಿದ ತಕ್ಷಣ ಸುಮಾರು ಜನ ನೇರವಾಗಿ ತ್ರೀ ಪಾಯಿಂಟ್ ಲೈನ್‌ಗೆ (ಅದರ ಹೊರಗಿಂದ ಹಾಕಿದ್ರೆ ಮೂರು ಪಾಯಿಂಟ್ ಸಿಗೋ ದೂರದ ಗೆರೆ) ಹೋಗಿ ನಿಂತ್ಕೋತಾರೆ, ಅಲ್ಲಿಂದ ಬಾಲ್ ರಿಂಗ್ ಮುಟ್ಟಲ್ಲ, ಮುಟ್ಟಿಸ್ಬೇಕು ಅಂತ ಎರಡೂ ಕೈಯಲ್ಲಿ ಎದೆಯಿಂದ ತಳ್ಳೋದು, ಇಲ್ಲಾ ಭುಜದ ಹಿಂದಿಂದ ಬೀಸೋದು ಶುರುವಾಗುತ್ತೆ, ಆ ಚಾಳಿ ಒಂದ್ಸಲ ಅಂಟ್ಕೊಂಡ್ರೆ ಬಿಡಿಸೋದು ಬಲು ಕಷ್ಟ. ಅದಕ್ಕೇ ಹೇಳೋದು, ರಿಂಗ್‌ನಿಂದ ನಾಲ್ಕೈದು ಅಡಿ ದೂರದಲ್ಲೇ ಕಲೀರಿ. ಬಲಗೈ ಆಟಗಾರರಿಗೆ ಅಂತ ಬರೀತಿದೀನಿ, ಎಡಚರು ಉಲ್ಟಾ ಮಾಡ್ಕೊಳ್ಳಿ.

ಮೊದಲು ಕಾಲು. ಭುಜದಷ್ಟು ಅಗಲಕ್ಕೆ ನಿಂತು, ಬಲಗಾಲು ಒಂಚೂರು ಮುಂದೆ, ಮಂಡಿ ಬಗ್ಗಿರ್ಲಿ, ಭಾರ ಹಿಮ್ಮಡಿ ಮೇಲೆ ಬೇಡ. ಎರಡೂ ಪಾದ ರಿಂಗ್‌ಗೆ ನೇರವಾಗೇ ಇರ್ಬೇಕು ಅಂತ ಕೆಲವರು ಹೇಳ್ತಾರೆ, ಆದ್ರೆ ಬೆರಳುಗಳು ಸ್ವಲ್ಪ ಎಡಕ್ಕೆ ತಿರುಗಿದ್ರೆ ಬಲ ಭುಜ ತಾನಾಗೇ ರಿಂಗ್ ಕಡೆ ಬರುತ್ತೆ, ಬಿಗಿಯೂ ಇರಲ್ಲ. ನನ್ನ ಪ್ರಕಾರ ಇದೇ ವಾಸಿ.

ಬಾಲ್ ಹಿಡಿಯೋದು ಬೆರಳಿನ ತುದಿ ಮಾಂಸದಲ್ಲಿ, ಅಂಗೈ ಮಧ್ಯ ಸ್ವಲ್ಪ ಗ್ಯಾಪ್ ಇರ್ಬೇಕು. ಬೆರಳುಗಳು ಸೀಮ್‌ಗೆ, ಅಂದ್ರೆ ಬಾಲ್ ಮೇಲಿನ ಗೆರೆಗೆ, ಅಡ್ಡಡ್ಡ ಇದ್ರೆ ಬಾಲ್ ಹೋಗುವಾಗ ಆ ಗೆರೆ ನೇರವಾಗಿ ಹಿಂದಕ್ಕೆ ಸುತ್ತುತ್ತಾ ಇದೆಯಾ ಅಂತ ಕಣ್ಣಿಗೇ ಕಾಣುತ್ತೆ. ಬಾಲನ್ನ ನಿಮ್ಮ ಸೊಂಟದ ಮೇಲಿಂದ ಬಲಗಣ್ಣಿನ ಮೇಲ್ಗಡೆ, ಹಣೆ ಹತ್ರಕ್ಕೆ ತನ್ನಿ, ಮೊಣಕೈ ಬಾಲ್ ಕೆಳಗೇ ಇರ್ಲಿ, ಪಕ್ಕಕ್ಕೆ ಚಾಚಬಾರ್ದು. ಮಣಿಕಟ್ಟು ಹಿಂದಕ್ಕೆ ಬಗ್ಗಿದಾಗ ಅದರ ಹಿಂಭಾಗದ ಚರ್ಮ ಸುಕ್ಕಾಗ್ಬೇಕು, ಸುಕ್ಕು ಕಾಣ್ಲಿಲ್ಲ ಅಂದ್ರೆ ಇನ್ನೂ ಪೂರ್ತಿ ಬಗ್ಗಿಲ್ಲ ಅಂತ. ಕಣ್ಣು ರಿಂಗ್ ಮೇಲೆ, ಬಿಟ್ಟ ಮೇಲೂ ಬಾಲ್ ಹಿಂದೆ ಓಡೋದು ಬೇಡ.

ಇನ್ನು ಎಡಗೈ. ಶಾಟ್ ಕೆಡಿಸೋದ್ರಲ್ಲಿ ಇದರಷ್ಟು ಕಿತಾಪತಿ ಬೇರೆ ಯಾವ್ದೂ ಮಾಡಲ್ಲ. ಅದರ ಕೆಲಸ ಪಕ್ಕದಲ್ಲಿ ಆಸರೆ ಕೊಡೋದಷ್ಟೇ, ಆದ್ರೆ ಬಿಡೋ ಕ್ಷಣದಲ್ಲಿ ಎಡಗೈ ಹೆಬ್ಬೆರಳು ಸುಮ್ನಿರದೆ ಬಾಲ್‌ನ ತಳ್ಳುತ್ತೆ, ಆಗ ಬಾಲ್ ಪಕ್ಕಕ್ಕೆ ಸುತ್ತುತ್ತಾ ಹೋಗುತ್ತೆ. ಚೆಕ್ ಮಾಡೋದು ಸುಲಭ: ಬಾಲ್ ಬಿಟ್ಟು ಕೈ ಹಾಗೇ ಮೇಲೆ ನಿಲ್ಲಿಸಿ ನೋಡಿ, ಎಡ ಅಂಗೈ ಬಲಕ್ಕೆ ಮುಖ ಮಾಡಿದ್ರೆ ಸರಿ, ರಿಂಗ್ ಕಡೆ ತಿರುಗಿದ್ರೆ ತಳ್ಳಿದೀರಿ. ಇದಕ್ಕೆ ಮದ್ದು ಅಂದ್ರೆ ರಿಂಗ್ ಹತ್ರ ನಿಂತು ಬಲಗೈ ಒಂದರಲ್ಲೇ ಹಾಕೋದು, ಬೋರ್ ಅನ್ಸುತ್ತೆ, ಆದ್ರೂ ಬಿಡ್ಬೇಡಿ.

ಹಾರೋದು ನೇರ ಮೇಲಕ್ಕೆ, ಇಳಿಯೋದು ಅಲ್ಲೇ ಅಥವಾ ಅಂಗೈ ಅಗಲ ಮುಂದೆ. ಮಂಡಿ ನೆಟ್ಟಗಾಗೋದೂ ಬಾಲ್ ಮೇಲೇಳೋದೂ ಒಟ್ಟಿಗೇ ಆಗ್ಬೇಕು, ಮಧ್ಯೆ ಬಾಲ್ ತಲೆ ಮೇಲೆ ನಿಂತುಬಿಟ್ರೆ ಕಾಲಿನ ಬಲ ಎಲ್ಲಾ ವೇಸ್ಟ್. ಜಂಪ್ ಶಾಟ್ ಶುರು ಮಾಡಿದವ್ರಲ್ಲಿ ಒಬ್ಬ ಅಂತ ಹೆಸರಾದ ಅಮೆರಿಕದ ಕೆನ್ನಿ ಸೇಲರ್ಸ್, 1930ರ ದಶಕದಲ್ಲಿ ತನಗಿಂತ ತುಂಬಾ ಎತ್ತರ ಇದ್ದ ಅಣ್ಣನ ಕೈ ಮೇಲಿಂದ ಬಾಲ್ ದಾಟಿಸೋಕೆ ಅಂತಾನೇ ಹಾರೋಕೆ ಶುರು ಮಾಡಿದ್ದು. ಅಡ್ಡ ನಿಂತವ್ರು ಎತ್ತರ ಇದ್ರೆ ಹಾರಿದ ತುತ್ತತುದಿಯಲ್ಲಿ ಬಿಡೋದು ಒಳ್ಳೇದು, ಆದ್ರೆ ದೂರದ ಶಾಟ್‌ಗೆ ಹೆಸರಾದ ಅಮೆರಿಕದ ಆಟಗಾರ ಸ್ಟೀಫನ್ ಕರಿ ಇನ್ನೂ ಮೇಲೇಳ್ತಾ ಇರುವಾಗ್ಲೇ ಬಿಡ್ತಾನೆ, ಹಾಗೆ ಬಿಟ್ರೆ ದೂರದ ಶಾಟ್‌ಗೆ ತೋಳಿನ ಬಲ ಕಡಿಮೆ ಸಾಕು, ಹೊಸಬರಿಗೂ ಮಕ್ಕಳಿಗೂ ಇದೇ ಹೊಂದುತ್ತೆ.

ಕೊನೆಗೆ ಬಾಲ್ ಬಿಡೋದು ತೋರುಬೆರಳು, ಮಧ್ಯದ ಬೆರಳಿಂದ. ಮೊಣಕೈ ಪೂರ್ತಿ ಚಾಚಿ, ಮಣಿಕಟ್ಟು ಮುಂದಕ್ಕೆ ಸಡಿಲವಾಗಿ ಬೀಳ್ಲಿ, ಬಾಲ್ ರಿಂಗ್ ಮುಟ್ಟೋವರೆಗೂ ಕೈ ಇಳಿಸ್ಬೇಡಿ.

ಎತ್ತರಕ್ಕೆ ಯಾಕೆ ಹಾಕ್ಬೇಕು ಅಂದ್ರೆ, ರಿಂಗ್ ಇರೋದು 10 ಅಡಿ ಮೇಲೆ, ಒಳಗಿನ ಅಗಲ ಸುಮಾರು 45 ಸೆಂ.ಮೀ., ಗಂಡಸರ ಬಾಲ್ ಅಗಲ ಸುಮಾರು 24 ಸೆಂ.ಮೀ. ಬಾಲ್ 45 ಡಿಗ್ರಿಯಲ್ಲಿ ಇಳಿದ್ರೆ ಅದಕ್ಕೆ ಸಿಗೋ ಬಾಯಿ ಸುಮಾರು 32 ಸೆಂ.ಮೀ., ಅದೇ 30 ಡಿಗ್ರಿಗೆ ಚಪ್ಪಟೆಯಾಗಿ ಬಂದ್ರೆ 23 ಸೆಂ.ಮೀ. ಅಷ್ಟೇ, ಅಂದ್ರೆ ರಿಂಗ್‌ಗೆ ತಾಗದೆ ಒಳಗೆ ಹೋಗೋಕೆ ಜಾಗಾನೇ ಇಲ್ಲ.

ಮಿಸ್ ಆದಾಗ ಎಲ್ಲಿ ಬಡೀತು ಅಂತ ಗಮನಿಸಿ. ರಿಂಗ್ ಮುಂದಿನ ಅಂಚಿಗೆ ಬಡೀತಾ ಇದ್ರೆ ಹೆಚ್ಚಾಗಿ ಕಾಲು ಸುಸ್ತಾಗಿದೆ ಅಥವಾ ಮಂಡಿ ಬಗ್ತಿಲ್ಲ. ಎಡಕ್ಕೆ ಬಲಕ್ಕೆ ಹೋಗ್ತಿದ್ರೆ ಮೊಣಕೈ, ಇಲ್ಲಾ ಆ ಎಡಗೈ ಹೆಬ್ಬೆರಳು. ಹತ್ತಿರದಿಂದ ಸಲೀಸಾಗಿ ಬೀಳೋಕೆ ಶುರುವಾದ ಮೇಲೆ ಒಂದೊಂದೇ ಹೆಜ್ಜೆ ಹಿಂದೆ ಹೋಗಿ, ಎಲ್ಲಿ ಬಾಲ್‌ನ ಎಸೀಬೇಕು ಅನ್ಸುತ್ತೋ ಅಲ್ಲಿಂದ ಒಂದು ಹೆಜ್ಜೆ ಮುಂದೆ ಬಂದು ಅವತ್ತಿನ ಪ್ರಾಕ್ಟೀಸ್ ಅಲ್ಲೇ ಮಾಡಿ.